ಚಟ್ನಿಗೆ ಯಾವ ಕಡ್ಲೆ? (ಭಾಗ 4)

ಬಸವನಗುಡಿ ಕಡಲೆಕಾಯಿ ಪರಿಷೆ ಫೋಟೋ ಹಾಕಿದಾಗ ತುಂಬಾ ಜನ ಕೇಳಿದ್ರಿ, "ತಮ್ಮನ್ನ ಯಾಕೆ ಕರ್ಕೊಂಡು ಹೋಗ್ಲಿಲ್ಲ?" ಅಂತ. ಅವನಿಗೆ ಕಡ್ಲೆಕಾಯಿ ಅಲರ್ಜಿ. ಮೂರು ವರ್ಷದವನಿದ್ದಾಗ ಯಾರದೋ ನಾಮಕರಣದಲ್ಲಿ ಅರ್ಧ ಚಿಕ್ಕಿ ತಿಂದ. ಹತ್ತೇ ನಿಮಿಷ. ತುಟಿ ಊದ್ತು, ಮೈಯೆಲ್ಲ ದದ್ದು, ಉಸಿರಾಡಿದ್ರೆ ಸಿಳ್ಳೆ ಹೊಡೆದ ಹಾಗೆ ಸದ್ದು. ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ಅಮ್ಮನ ಮುಖ ನನಗಿನ್ನೂ ನೆನಪಿದೆ.

ಅಜ್ಜಿ ಈಗಲೂ "ಮಗು ವೀಕು, ಅದಕ್ಕೇ ತಡ್ಕೊಳಲ್ಲ" ಅಂತಾರೆ. ವೀಕ್ ಅಲ್ಲ ಅಜ್ಜಿ! ಅವನ ಇಮ್ಯೂನ್ ಸೆಲ್‌ಗಳು ಊಟವನ್ನೇ ಶತ್ರು ಅಂದ್ಕೊಂಡಿವೆ. ಟಿ ಸೆಲ್‌ಗಳ ಮಾತು ಕೇಳಿ ಬಿ ಸೆಲ್‌ಗಳು ಐಜಿಇ ಅನ್ನೋ ಆ್ಯಂಟಿಬಾಡಿ ಮಾಡ್ತವೆ. ಅದು ಮಾಸ್ಟ್ ಸೆಲ್‌ಗಳ ಮೇಲೆ ಹೋಗಿ ಕೂತು ಕಾಯುತ್ತೆ. ಮುಂದೆ ಕಡ್ಲೆಕಾಯಿ ಪ್ರೋಟೀನ್ ಬಂದು ತಗುಲಿದರೆ ಸಾಕು, ಮಾಸ್ಟ್ ಸೆಲ್ ಹಿಸ್ಟಮಿನ್ ಸುರಿಯುತ್ತೆ. ಅಲರ್ಜಿ ಇಲ್ಲದವರಲ್ಲಿ ರೆಗ್ಯುಲೇಟರಿ ಟಿ ಸೆಲ್‌ಗಳು "ಸುಮ್ನಿರ್ರೋ, ಇದು ಊಟ" ಅಂತ ಸಮಾಧಾನ ಮಾಡ್ತವೆ.

ಆದರೆ ತಮ್ಮ ಅದಕ್ಕೂ ಮೊದಲು ಕಡ್ಲೆಕಾಯಿ ತಿಂದೇ ಇರಲಿಲ್ಲ. ಸೆಲ್‌ಗಳು ಅದನ್ನ ನೋಡಿದ್ದೆಲ್ಲಿ? ಚರ್ಮದಲ್ಲಿ ಇರಬಹುದು. ಕೂಸಿದ್ದಾಗ ಅವನಿಗೆ ಎಕ್ಸಿಮಾ ಇತ್ತು. ಒಡೆದ ಚರ್ಮದಿಂದ ಒಳಗೆ ಹೋದ ಕಣ ಅಲರ್ಜಿ ಕಲಿಸುತ್ತೆ, ಬಾಯಿಂದ ಹೋದದ್ದು ಸಹನೆ ಕಲಿಸುತ್ತೆ ಅಂತಾರೆ ಲಂಡನ್ನಿನ ಗಿಡಿಯನ್ ಲ್ಯಾಕ್. ಅವರ ತಂಡ ಅಪಾಯ ಹೆಚ್ಚಿದ್ದ 640 ಕೂಸುಗಳನ್ನ ಐದು ವರ್ಷ ತುಂಬುವವರೆಗೆ ಗಮನಿಸಿತು. ಕಡ್ಲೆಕಾಯಿ ದೂರ ಇಟ್ಟ ಗುಂಪಲ್ಲಿ ಶೇ. 17.2 ಮಕ್ಕಳಿಗೆ ಅಲರ್ಜಿ ಬಂತು, ತಿನ್ನಿಸಿದ ಗುಂಪಲ್ಲಿ ಶೇ. 3.2. (ಅಲರ್ಜಿ ಆಗಲೇ ಇರೋ ಮಗುವಿಗೆ ಮನೇಲಿ ಇದನ್ನ ಟ್ರೈ ಮಾಡ್ಬೇಡಿ, ಪ್ಲೀಸ್.)

ಇದನ್ನೆಲ್ಲ ಓದಿ ಭಾರೀ ಖುಷಿಯಿಂದ ಅಮ್ಮನಿಗೆ ಹೇಳಿದೆ. ಸೊಪ್ಪು ಬಿಡಿಸ್ತಿದ್ದ ಅಮ್ಮ ಕೈ ನಿಲ್ಲಿಸಿ ಕೇಳಿದ್ಳು: "ಹಾಗಾದ್ರೆ ನಾನು ಕೊಡದೇ ಇದ್ದಿದ್ದಕ್ಕೇ ಹೀಗಾಯ್ತಾ?"

ನನಗೆ ಮಾತೇ ಹೊರಡಲಿಲ್ಲ. ತಮ್ಮ ಹುಟ್ಟಿದ್ದು 2012ರಲ್ಲಿ, ಆ ಅಧ್ಯಯನ ಹೊರಬಂದದ್ದು 2015ರಲ್ಲಿ. ಮೂರು ವರ್ಷದವರೆಗೆ ಕೊಡಬೇಡಿ ಅಂತ ಡಾಕ್ಟರೇ ಹೇಳಿದ್ರು. ಅಮೆರಿಕದ ಮಕ್ಕಳ ಡಾಕ್ಟರ್‌ಗಳೂ ಒಂದು ಕಾಲಕ್ಕೆ, ಅಪಾಯ ಹೆಚ್ಚಿರೋ ಮಕ್ಕಳಿಗೆ ಅದನ್ನೇ ಹೇಳ್ತಿದ್ರು. ಇಸವಿಗಳನ್ನ ಎರಡೆರಡು ಸಲ ಹೇಳಿದೆ. ಅಮ್ಮ ಹೂಂ ಅಂದ್ಳು, ಒಪ್ಪಿದ ಹಾಗೆ ಕಾಣಲಿಲ್ಲ.

ಒಳಗಿಂದ ತಮ್ಮ ಕೂಗಿದ: "ಅಮ್ಮಾ, ಚಟ್ನಿಗೆ ಹುರಿಗಡಲೆ ತಾನೇ ಹಾಕಿರೋದು?"

"ಹೂಂ ಕಣೋ, ಹುರಿಗಡಲೆನೇ. ಬಾ ತಿನ್ನು."