ಯಜಮಾನರಿಲ್ಲದ ಮಳಿಗೆ

ಮನೆಯ ಯಜಮಾನರು ತೀರಿಕೊಂಡರೆ ಅಂಗಡಿಯ ಗತಿಯೇನು? ವ್ಯಾಪಾರವನ್ನೇ ನೆಚ್ಚಿದ ಕುಟುಂಬಗಳಲ್ಲಿ ಈ ಪ್ರಶ್ನೆ ಕಣ್ಣೀರು ಆರುವ ಮೊದಲೇ ಏಳುತ್ತದೆ. ಪಾಲು ಕೇಳುವವರು, ಕೊಳ್ಳಲು ಬರುವವರು, ಬುದ್ಧಿ ಹೇಳುವವರು ಸಾಲಾಗಿ ಬಾಗಿಲಿಗೆ ಬರುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಮನೆಯ ವಿಧವೆಯ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳುವುದಿಲ್ಲ, ನಾವೂ ಕೇಳಿದವರಲ್ಲ. ಇಟಲಿಯ ವಾಂಡಾ ಫೆರ್ರಗಾಮೊ ಅವರ ದೀರ್ಘ ಬದುಕನ್ನು ನಾವು ಮತ್ತೆ ಮತ್ತೆ ನೆನೆಯುವುದು ಈ ಅಳುಕಿನಿಂದಲೇ.

ಅವರು ಜನಿಸಿದ್ದು 1921ರಲ್ಲಿ, ದಕ್ಷಿಣ ಇಟಲಿಯ ಬೊನಿಟೊ ಎಂಬ ಸಣ್ಣ ಊರಿನಲ್ಲಿ. ತಂದೆ ವೈದ್ಯರು, ಊರಿನ ಮೇಯರ್ ಕೂಡ. ಅದೇ ಊರಿನ ಬಡ ಕುಟುಂಬವೊಂದರ 14 ಮಕ್ಕಳಲ್ಲಿ ಒಬ್ಬರಾದ ಸಾಲ್ವಟೋರೆ ಫೆರ್ರಗಾಮೊ ಎಳವೆಯಲ್ಲೇ ಪಾದರಕ್ಷೆ ಹೊಲಿಯಲು ಕಲಿತು, ಅಮೆರಿಕಕ್ಕೆ ತೆರಳಿ ಹಾಲಿವುಡ್ ತಾರೆಯರ ಕಾಲಿಗೆ ಜೋಡು ಮಾಡಿಕೊಟ್ಟು, 1927ರಲ್ಲಿ ಮರಳಿ ಬಂದು ಫ್ಲಾರೆನ್ಸ್ ನಗರದಲ್ಲಿ ನೆಲೆಸಿದ್ದರು. 1933ರಲ್ಲಿ ದಿವಾಳಿಯಾಗಿ, ಮತ್ತೆ ಎದ್ದವರು. ಒಳ್ಳೆಯ ಉಕ್ಕು ಸಿಗದ ಕಾಲದಲ್ಲಿ ಕಾರ್ಕ್‌ನಿಂದ ಬೆಣೆಯಾಕಾರದ ಹಿಮ್ಮಡಿಯನ್ನು ರೂಪಿಸಿದವರು ಇವರೇ. 1940ರಲ್ಲಿ, ತಮಗಿಂತ 20ಕ್ಕೂ ಹೆಚ್ಚು ವರ್ಷ ಹಿರಿಯರಾದ ಈ ಕುಶಲಕರ್ಮಿಯನ್ನು ವಾಂಡಾ ವಿವಾಹವಾದರು. ಮುಂದಿನ 20 ವರ್ಷ ಮನೆ, ಮಕ್ಕಳು. ವ್ಯಾಪಾರದ ಒಂದು ಕಾಗದವನ್ನೂ ನೋಡಬೇಕಾಗಿ ಬಂದಿರಲಿಲ್ಲ.

1960ರ ಆಗಸ್ಟ್‌ನಲ್ಲಿ ಸಾಲ್ವಟೋರೆ ತೀರಿಕೊಂಡರು. ವಾಂಡಾರಿಗೆ ಆಗ 38 ವರ್ಷ, ಆರು ಮಕ್ಕಳು. ಹಿರಿಯಳು ಫಿಯಾಮ್ಮಾ ಇನ್ನೂ ಹದಿಹರೆಯದವಳು. ಕಿರಿಯ ಮಗು ಆಗತಾನೇ ಮಾತು ಕಲಿಯುತ್ತಿದ್ದ ವಯಸ್ಸಿನದು. ಪ್ರತಿ ವಿನ್ಯಾಸವೂ ಪತಿಯ ತಲೆಯಿಂದ, ಪ್ರತಿ ಜೋಡೂ ಕುಶಲಿಗಳ ಕೈಯಿಂದ ಹೊರಡುತ್ತಿದ್ದ ಸಂಸ್ಥೆಯದು. ಮಾರಿ ಕೈತೊಳೆದುಕೊಂಡಿದ್ದರೆ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಅವರು ಮಾರಲಿಲ್ಲ. ಆರ್ನೊ ನದಿಯ ದಡದ ಸ್ಪಿನಿ ಫೆರೋನಿ ಅರಮನೆಯಲ್ಲಿದ್ದ ಕಚೇರಿಗೆ ಹೋಗಿ ಕುಳಿತರು, ಲೆಕ್ಕಪತ್ರ ಕಲಿತರು. ಹೆಣ್ಣುಮಕ್ಕಳನ್ನು ತಲೆಯಿಂದ ಕಾಲಿನವರೆಗೂ ಸಿಂಗರಿಸಬೇಕೆಂಬುದು ಪತಿಯ ಕನಸಾಗಿತ್ತು. ಅದನ್ನು ಮಕ್ಕಳಿಗೆ ಹಂಚಿದರು: ಫಿಯಾಮ್ಮಾಗೆ ಪಾದರಕ್ಷೆ, ಜೊವಾನ್ನಾಗೆ ಸಿದ್ಧ ಉಡುಪು, ಫುಲ್ವಿಯಾಗೆ ರೇಷ್ಮೆ. ಗಂಡುಮಕ್ಕಳು ಆಡಳಿತ, ಮಾರುಕಟ್ಟೆಗಳನ್ನು ವಹಿಸಿಕೊಂಡರು. 1978ರಲ್ಲಿ ಫಿಯಾಮ್ಮಾ ರೂಪಿಸಿದ, ಮುಂಭಾಗದಲ್ಲಿ ಪಟ್ಟಿಯ ಬಿಲ್ಲುಗಂಟಿರುವ 'ವಾರಾ' ಜೋಡು ಇಂದಿಗೂ ಮಾರಾಟವಾಗುತ್ತಿದೆ.

ಮೊಮ್ಮಕ್ಕಳ ವಿಷಯದಲ್ಲಿ ಕುಟುಂಬ ಕೈಗೊಂಡ ತೀರ್ಮಾನ ನಮ್ಮನ್ನು ಇನ್ನಷ್ಟು ಚಿಂತನೆಗೆ ಹಚ್ಚುತ್ತದೆ. 20ಕ್ಕೂ ಹೆಚ್ಚು ಮೊಮ್ಮಕ್ಕಳಿದ್ದರೂ ಅವರಲ್ಲಿ ಮೂವರಿಗೆ ಮಾತ್ರ ಸಂಸ್ಥೆಯೊಳಗೆ ಸ್ಥಾನ. ಅಜ್ಜಿಯಾದವಳಿಗೆ ಇದು ಸುಲಭದ ಮಾತೇ? ಮಮತೆ ಒಂದು ಕಡೆ, ಮಳಿಗೆ ಇನ್ನೊಂದು ಕಡೆ. ಉತ್ತರಾಧಿಕಾರವೆಂದರೆ ಎಲ್ಲರಿಗೂ ಒಂದೊಂದು ಕುರ್ಚಿ ಹಾಕುವುದೆಂದು ತಿಳಿದ ನಮಗೆ ಇದು ಕಠೋರವೆನಿಸಬಹುದು. ನಮಗೂ ಮೊದಲು ಹಾಗೆಯೇ ಅನಿಸಿತ್ತು.

2011ರಲ್ಲಿ ಸಂಸ್ಥೆಯ ಷೇರುಗಳು ಮಿಲಾನ್ ಪೇಟೆಗೆ ಬಂದವು. 90 ದಾಟಿದ ಮೇಲೂ ವಾಂಡಾ ಕಚೇರಿಗೆ ಬರುತ್ತಿದ್ದರು. ದೀರ್ಘಾಯುಷ್ಯ ಅವರಿಗೆ ಬರೀ ಯಶಸ್ಸನ್ನೇ ತರಲಿಲ್ಲ. 1998ರಲ್ಲಿ ಫಿಯಾಮ್ಮಾ ಅಗಲಿದರು. 2018ರ ವಸಂತದಲ್ಲಿ ಫುಲ್ವಿಯಾರನ್ನೂ ಕಳೆದುಕೊಂಡರು. ಅದೇ ವರ್ಷದ ಅಕ್ಟೋಬರ್‌ನಲ್ಲಿ, 96ನೇ ವಯಸ್ಸಿನಲ್ಲಿ, ಆ ತಾಯಿಯೂ ಕಣ್ಣು ಮುಚ್ಚಿದರು.