ಐದು ರೂಪಾಯಿಯ ಒಂಬತ್ತು ಗ್ರಾಂ

ಹಳೆಯ ದಪ್ಪ ಐದು ರೂಪಾಯಿ ನಾಣ್ಯ ನಿಮಗೆ ನೆನಪಿರಬೇಕು. ಬಿಳಿ ಬಣ್ಣ, ದಪ್ಪ ಅಂಚು, ಅಂಚಿನ ನಡುವೆ ಸುತ್ತಲೂ ಕೊರೆದ ಗೆರೆ. 1992ರಲ್ಲಿ ಶುರುವಾದ ಆ ನಾಣ್ಯದ ತೂಕ 9 ಗ್ರಾಂ. 2007ರಲ್ಲಿ ಅದರ ಜಾಗಕ್ಕೆ 6 ಗ್ರಾಮಿನ ಸ್ಟೀಲ್ ನಾಣ್ಯ ಬಂತು. ಬೆಲೆ ಎರಡಕ್ಕೂ ಐದೇ ರೂಪಾಯಿ. ಆದರೆ ಚಿಲ್ಲರೆಯಲ್ಲಿ ತೆಳುವಾದದ್ದು ಕೈಗೆ ಬರುತ್ತಿತ್ತು, ದಪ್ಪದ್ದು ಮೆಲ್ಲಮೆಲ್ಲಗೆ ಕಾಣೆಯಾಯಿತು. ಯಾರೂ ಡಂಗುರ ಸಾರಲಿಲ್ಲ, ಸರ್ಕಾರ ವಾಪಸ್ ಪಡೆಯಲೂ ಇಲ್ಲ. ಆ ನಾಣ್ಯ ಇವತ್ತಿಗೂ ಚಲಾವಣೆಯಲ್ಲಿದೆ, ಆದರೆ ಚಲಿಸುತ್ತಿಲ್ಲ.

ನಾನು ಐಟಿಗೆ ಬರುವ ಮೊದಲು ಎಂಟೆಕ್ ಓದಿದ್ದು ಲೋಹಶಾಸ್ತ್ರ. ಕುಲುಮೆ ಬಿಟ್ಟು ಕೀಬೋರ್ಡ್ ಹಿಡಿದ ನನ್ನಂಥವರು ಈ ಪತ್ರಿಕೆಯ ಓದುಗರಲ್ಲೇ ಹಲವರಿರಬಹುದು. ಕಲಿತದ್ದು ಕೆಲಸಕ್ಕೆ ಬಾರದಿದ್ದರೂ ಒಂದು ಚಟ ಉಳಿದುಕೊಂಡಿದೆ. ಕೈಗೆ ಸಿಕ್ಕ ಲೋಹದಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಲೆಕ್ಕ ಹಾಕುವ ಚಟ. ಹಾಗಾಗಿ ಈ ಲೆಕ್ಕ.

ದಪ್ಪ ಐದು ರೂಪಾಯಿಯಲ್ಲಿ ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕ್ಕಲ್. ಎಂದರೆ 6.75 ಗ್ರಾಂ ತಾಮ್ರ, 2.25 ಗ್ರಾಂ ನಿಕ್ಕಲ್. 2007ರ ಮೇ ತಿಂಗಳಲ್ಲಿ ಲಂಡನ್ ಲೋಹ ಮಾರುಕಟ್ಟೆಯಲ್ಲಿ ನಿಕ್ಕಲ್ ಟನ್ನಿಗೆ 50,000 ಡಾಲರ್ ದಾಟಿತ್ತು. ತಾಮ್ರ 7,500 ಡಾಲರಿನ ಆಸುಪಾಸು, ಡಾಲರಿಗೆ ಸುಮಾರು 41 ರೂಪಾಯಿ. ಗುಣಿಸಿ ನೋಡಿ: ನಿಕ್ಕಲ್ ಒಂದರದ್ದೇ ನಾಲ್ಕೂವರೆ ರೂಪಾಯಿ ಮೇಲೆ, ತಾಮ್ರದ್ದು ಎರಡು. ಐದು ರೂಪಾಯಿ ನಾಣ್ಯದೊಳಗೆ ಆರೂವರೆ ರೂಪಾಯಿಗಿಂತ ಹೆಚ್ಚಿನ ಲೋಹ! ಹಳೆಯ ನಾಲ್ಕಾಣೆಯ ಕಥೆ ಇನ್ನೂ ಮಜಾ. 1990ರವರೆಗೆ ಬಂದ 25 ಪೈಸೆಯೂ ಇದೇ ಮಿಶ್ರಲೋಹ, ತೂಕ ಎರಡೂವರೆ ಗ್ರಾಂ. ಅದೇ ದರದಲ್ಲಿ ಅದರ ಲೋಹಕ್ಕೆ ಒಂದೂಮುಕ್ಕಾಲು ರೂಪಾಯಿ ಮೀರುತ್ತದೆ. ಮುಖಬೆಲೆಯ ಏಳು ಪಟ್ಟು.

ಆ ವರ್ಷವೇ ಕೋಲ್ಕತ್ತದಿಂದ ಒಂದು ಸುದ್ದಿ ಬಂದು ದೇಶವೆಲ್ಲ ಓಡಾಡಿತು. ನಮ್ಮ ನಾಣ್ಯಗಳನ್ನು ಬಾಂಗ್ಲಾದೇಶಕ್ಕೆ ಕದ್ದು ಸಾಗಿಸಿ ಬ್ಲೇಡ್ ಮಾಡುತ್ತಾರಂತೆ, ಒಂದು ರೂಪಾಯಿ ನಾಣ್ಯದಿಂದ ಐದರಿಂದ ಏಳು ಬ್ಲೇಡ್ ಆಗುತ್ತವಂತೆ ಎಂದು. ಇವತ್ತಿಗೂ ದಪ್ಪ ನಾಣ್ಯದ ಮಾತು ಬಂದರೆ ಯಾರಾದರೊಬ್ಬರು ವಾಟ್ಸಾಪಿನಲ್ಲಿ ಈ ಬ್ಲೇಡಿನ ಕಥೆ ಹಾಕಿಯೇ ಹಾಕುತ್ತಾರೆ. ನಾಣ್ಯ ಸಾಗಿಸಿದ್ದು, ಕರಗಿಸಿದ್ದು ಇರಬಹುದು. ಆದರೆ ಬ್ಲೇಡಿನ ಮಾತು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಗಡ್ಡ ಹೆರೆಯುವ ಬ್ಲೇಡಿಗೆ ಬೇಕಾದದ್ದು ಇಂಗಾಲ ಸಾಕಷ್ಟಿರುವ, ಕಾಯಿಸಿ ತಟ್ಟನೆ ತಣಿಸಿದರೆ ಗಟ್ಟಿಯಾಗುವ ಉಕ್ಕು. ತಾಮ್ರ-ನಿಕ್ಕಲ್ ಎಷ್ಟು ಕಾಯಿಸಿದರೂ ಹಾಗೆ ಗಟ್ಟಿಯಾಗದು. 1992ರ ನಂತರದ ಒಂದು ರೂಪಾಯಿ ಸ್ಟೀಲೇ ನಿಜ, ಆದರೆ ಅದು ತಣಿಸಿದರೂ ಗಟ್ಟಿಯಾಗದ ಜಾತಿಯ ಸ್ಟೀಲು. ಅದರಿಂದ ಚಮಚ ಮಾಡಬಹುದು, ಬ್ಲೇಡ್ ಮಾಡಲಾಗದು. ಕರಗಿಸುವವನಿಗೆ ಬೇಕಾಗಿದ್ದದ್ದು ನಿಕ್ಕಲ್ ಮತ್ತು ತಾಮ್ರ, ಅಷ್ಟೇ. ಬ್ಲೇಡ್ ಎಂದರೆ ಕಥೆಗೆ ಹರಿತ ಬರುತ್ತದೆ, ಅದಕ್ಕೇ ಅದು ಉಳಿದಿದೆ.

ನಾಣ್ಯ ಮಾಯವಾಗುವುದು ನಮ್ಮಲ್ಲಿ ಹೊಸತೂ ಅಲ್ಲ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಒಂದು ತೊಲ ತೂಗುತ್ತಿತ್ತು, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಎರಡನೆಯ ಮಹಾಯುದ್ಧ ಬಂದಾಗ ಜನ ಅದನ್ನು ಹಿಡಿದಿಟ್ಟರು. 1940ರಲ್ಲಿ ಸರ್ಕಾರ ಬೆಳ್ಳಿಯನ್ನು ಅರ್ಧಕ್ಕಿಳಿಸಿತು, ಒಂದು ರೂಪಾಯಿ ನೋಟು ತಂದಿತು. ಸ್ವಾತಂತ್ರ್ಯದ ಹೊತ್ತಿಗೆ ರೂಪಾಯಿಯಲ್ಲಿ ಬೆಳ್ಳಿಯೇ ಇರಲಿಲ್ಲ, ಬರೀ ನಿಕ್ಕಲ್. ಹಳೆಯದು ಅಜ್ಜಿಯರ ಪೆಟ್ಟಿಗೆ ಸೇರಿತು. ಕೆಟ್ಟ ನಾಣ್ಯ ಒಳ್ಳೆಯ ನಾಣ್ಯವನ್ನು ಓಡಿಸುತ್ತದೆ ಎಂಬ ಈ ಸೂತ್ರಕ್ಕೆ ಪುಸ್ತಕದಲ್ಲಿ ಗ್ರೆಷಮ್ ಎಂಬಾತನ ಹೆಸರಿದೆ. ನಮ್ಮ ಮನೆಯಲ್ಲಿ ಅದು ಪುಸ್ತಕದಿಂದ ಬಂದದ್ದಲ್ಲ, ಅಮ್ಮನಿಂದ ಬಂದದ್ದು.

ಅಪ್ಪ ತಿಪಟೂರು ಕಡೆ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದರು. ಕಂಡಕ್ಟರನ ಮನೆಯಲ್ಲಿ ಹುಟ್ಟಿದವರಿಗೆ ಚಿಲ್ಲರೆ ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಆರರ ಟ್ರಿಪ್ಪಿಗೆ ಹತ್ತುವವರೆಲ್ಲ ನೂರರ ನೋಟು ಚಾಚುತ್ತಾರೆ. ಬಾಕಿಯನ್ನು ಟಿಕೆಟ್ಟಿನ ಬೆನ್ನ ಮೇಲೆ ಬರೆದು ‘ಇಳಿಯುವಾಗ ಇಸ್ಕೊಳ್ಳಿ’ ಅನ್ನಬೇಕು. ಇಳಿಯುವ ಗಲಾಟೆಯಲ್ಲಿ ಮರೆತವರು ಮಾರನೆಯ ದಿನ ಅದೇ ಟಿಕೆಟ್ ಹಿಡಿದು ಬರುತ್ತಾರೆ. ಮರೆಯದವರು ಅಲ್ಲೇ ಜಗಳಕ್ಕೆ ನಿಲ್ಲುತ್ತಾರೆ. ಎರಡು ರೂಪಾಯಿಗಾಗಿ ‘ನುಂಗಣ್ಣ’ ಎಂದು ಬೈಸಿಕೊಂಡು ಮನೆಗೆ ಬಂದ ದಿನ ಅಪ್ಪ ಸರಿಯಾಗಿ ಊಟ ಮಾಡುತ್ತಿರಲಿಲ್ಲ.

ಅದೇ ಮನೆಯಲ್ಲಿ, ಅಡುಗೆಮನೆಯ ಅಟ್ಟದ ಮೇಲೆ, ಒಂದು ಹಾರ್ಲಿಕ್ಸ್ ಬಾಟಲಿ. ಹಾಲು, ಹೂವು, ತರಕಾರಿ ಲೆಕ್ಕದಲ್ಲಿ ಮಿಗಿಸಿದ ದಪ್ಪ ಐದು ರೂಪಾಯಿಗಳನ್ನು ಅಮ್ಮ ಅದಕ್ಕೆ ಹಾಕುತ್ತಿದ್ದಳು. ತಾಮ್ರ, ನಿಕ್ಕಲ್ ಯಾವುದೂ ಅವಳಿಗೆ ಗೊತ್ತಿಲ್ಲ. ಅವಳು ಹೇಳುತ್ತಿದ್ದದ್ದು ಒಂದೇ ಮಾತು: “ಇದ್ರಲ್ಲಿ ತೂಕ ಐತೆ.”

ಒಂದು ರಾತ್ರಿ ಅಪ್ಪ ಆ ಬಾಟಲಿ ಕೆಳಗಿಳಿಸಿ ಕೂಗಾಡಿದ್ದು ನನ್ನ ಕಿವಿಯಲ್ಲಿದೆ. “ಊರೋರ ಹತ್ರ ಚಿಲ್ಲರೆಗೆ ಭಿಕ್ಷೆ ಬೇಡ್ತೀನಿ ನಾನು, ನನ್ನ ಮನೇಲೇ ಕೂಡ್ಹಾಕಿದ್ದೀಯಲ್ಲೇ! ಎಲ್ಲರ ಮನೇಲೂ ನಿನ್ನಂಥೋಳೊಬ್ಬಳಿದ್ರೆ ಬಸ್ಸು ಓಡ್ಸೋದೆಂಗೆ?”

ಅಮ್ಮ ದನಿ ಏರಿಸಲಿಲ್ಲ. “ನಿಮ್ಮ ಬ್ಯಾಗು ಸರ್ಕಾರದ್ದು. ಸಂಜೆ ಡಿಪೋದಲ್ಲಿ ಕಟ್ಟಿ ಬರ್ತೀರ. ನಂದು ಅಂತ ಇರೋದು ಇದೊಂದೇ.”

ಆಗ ಯಾರು ಸರಿ ಎಂದು ನನ್ನನ್ನು ಕೇಳಿದ್ದರೆ ಅಪ್ಪ ಎನ್ನುತ್ತಿದ್ದೆ. ಕಾನೂನೂ ಅವರ ಕಡೆಗೇ ಇತ್ತು. ಚಿಲ್ಲರೆ ನಾಣ್ಯ ಕರಗಿಸುವುದನ್ನೂ, ಕರಗಿಸಲೆಂದು ಕೂಡಿಡುವುದನ್ನೂ ತಡೆಯಲು 1971ರಲ್ಲೇ ಒಂದು ಕಾಯ್ದೆ ಬಂದಿತ್ತು. ಈಗಿರುವ 2011ರ ನಾಣ್ಯ ಕಾಯ್ದೆಯಲ್ಲಿ ಇದಕ್ಕೆ ಏಳು ವರ್ಷದವರೆಗೆ ಜೈಲು. ಅಮ್ಮ ಕರಗಿಸುವವಳಲ್ಲ, ಹೆಚ್ಚಿನ ಬೆಲೆಗೆ ಮಾರುವವಳೂ ಅಲ್ಲ, ಹಾಗಾಗಿ ಅಪರಾಧಿಯಲ್ಲ. ಆದರೆ ಬಸ್ಸಿನಲ್ಲಿ ನಿಂತವನಿಗೆ ಅದರಿಂದ ಏನು ವ್ಯತ್ಯಾಸ? ಕರಗಿದ ನಾಣ್ಯವೂ ಸಿಗುವುದಿಲ್ಲ, ಅಟ್ಟದ ಮೇಲಿನದೂ ಸಿಗುವುದಿಲ್ಲ. ಆ ವರ್ಷಗಳಲ್ಲಿ ಅಂಗಡಿಯಲ್ಲಿ ಚಿಲ್ಲರೆ ಬದಲು ಚಾಕಲೇಟ್ ಕೊಡುತ್ತಿದ್ದದ್ದು ನಿಮಗೂ ಗೊತ್ತು. ಅಸ್ಸಾಮಿನ ಕೆಲವು ಚಹಾ ತೋಟಗಳಲ್ಲಿ ಕಾರ್ಮಿಕರಿಗೆ ನಾಣ್ಯದ ಬದಲು ರಟ್ಟಿನ ಚೀಟಿ ಕೊಟ್ಟದ್ದು ಸುದ್ದಿಯಾಗಿತ್ತು. ಚಿಲ್ಲರೆಯ ಬರ ಬಂದಾಗ ಕಾರಿನಲ್ಲಿ ಓಡಾಡುವವನಿಗೆ ಅದು ಕಿರಿಕಿರಿ. ದಿನಗೂಲಿಯವನಿಗೆ ಕೂಲಿಯಲ್ಲೇ ಕಡಿತ.

ನನ್ನ ಕೆಲಸದಲ್ಲೂ ಇದನ್ನು ದಿನಾ ನೋಡುತ್ತೇನೆ. ಟೀಮಿನ ಪ್ರತಿಯೊಬ್ಬರೂ ತಮ್ಮ ಅಂದಾಜಿನೊಳಗೆ ಎರಡೆರಡು ದಿನ ಬಚ್ಚಿಟ್ಟುಕೊಳ್ಳುತ್ತಾರೆ. ಒಬ್ಬೊಬ್ಬರನ್ನೇ ಕೇಳಿದರೆ ಎಲ್ಲರದೂ ನ್ಯಾಯವಾದ ಕಾರಣವೇ. ಒಟ್ಟು ಕೂಡಿಸಿದರೆ ಪ್ರಾಜೆಕ್ಟ್ ತಡ.

ಆದರೆ ಅಮ್ಮನ ಕಾರಣ ಎಷ್ಟು ನ್ಯಾಯವಾದದ್ದು ಎನ್ನುವುದು ತಿಳಿದದ್ದು ಆಮೇಲೆ. ಅವಳ ಹತ್ತಿರ ಇನ್ನೊಂದು ಬಟ್ಟೆಯ ಚೀಲವಿತ್ತು. ಮದುವೆಯಾದಾಗಿನಿಂದ ಕೂಡಿಟ್ಟ ನಾಲ್ಕಾಣೆಗಳು. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು ನಡೆಯುವುದಿಲ್ಲ ಎಂದಾಯಿತು. ಬದಲಾಯಿಸಲು ಬ್ಯಾಂಕಿನಲ್ಲಿ ಅದರ ಹಿಂದಿನ ದಿನದವರೆಗೆ ಅವಕಾಶವಿತ್ತು. ಅಮ್ಮನಿಗೆ ಸುದ್ದಿ ಮುಟ್ಟಿದ್ದು ಜುಲೈಯಲ್ಲಿ, ಹೂವಿನವಳು ನಾಲ್ಕಾಣೆ ಬೇಡ ಎಂದಾಗ. ಮೊತ್ತ ದೊಡ್ಡದೇನಲ್ಲ. ಆದರೂ ಮೂವತ್ತು ವರ್ಷ ಎಣಿಸಿ ಎಣಿಸಿ ಕಟ್ಟಿಟ್ಟ ಗಂಟು ಒಂದು ಬೆಳಗಿಗೆ ಬರೀ ಬಿಲ್ಲೆಗಳಾದವು. ಅವತ್ತು ಅವಳೆಂದಳು: “ಬೆಲೆ ಅವರು ಕೊಟ್ಟಿದ್ದು, ಅವರು ತಗೊಂಡ್ರು. ತೂಕ ತಗೊಳ್ಳೋಕಾಗುತ್ತಾ?” ಚೀಲ ಎಸೆಯಲಿಲ್ಲ.

ಐದು ವರ್ಷ ಕಳೆದು 2016ರ ನವೆಂಬರ್ 8 ಬಂತು. ರಾತ್ರಿ ಎಂಟಕ್ಕೆ ಘೋಷಣೆ, ನಡುರಾತ್ರಿಯಿಂದ 500, 1000ದ ನೋಟು ರದ್ದು. ಅಪ್ಪ ಆಗಲೇ ನಿವೃತ್ತರು. ಅವರ ಕೈಯಲ್ಲಿದ್ದ ಪಿಂಚಣಿ ಹಣವೆಲ್ಲ ಐನೂರರ ನೋಟುಗಳಲ್ಲಿ. ಬ್ಯಾಂಕಿನ ಸಾಲು ಬೀದಿ ದಾಟಿತ್ತು. ನಾನಿಲ್ಲಿ ಹೈದರಾಬಾದಿನಲ್ಲಿ ಕಾರ್ಡ್ ಉಜ್ಜಿಕೊಂಡು ಬದುಕುತ್ತಿದ್ದೆ. ಊರಲ್ಲಿ ಹಾಲಿನವನಿಗೂ ಸೊಪ್ಪಿನವಳಿಗೂ ಕಾರ್ಡ್ ತೋರಿಸಲಾದೀತೇ? ಆ ಹಾರ್ಲಿಕ್ಸ್ ಬಾಟಲಿ ಕೆಳಗಿಳಿಯಿತು. ಸುಮಾರು ಮೂರು ವಾರ ನಮ್ಮ ಮನೆ ನಡೆದದ್ದು ಆ ದಪ್ಪ ನಾಣ್ಯಗಳಲ್ಲಿ. ಪಕ್ಕದ ಮನೆಯವರಿಗೆ ಔಷಧಿಗೆಂದು ಇಪ್ಪತ್ತು ನಾಣ್ಯ ಎಣಿಸಿ ಕೊಟ್ಟಳಂತೆ. ಫೋನಿನಲ್ಲಿ ಅಪ್ಪ ಹೇಳಿದರು: “ನಿಮ್ಮಮ್ಮ ಗೆದ್ದಳು ಕಣೋ.” ಸೋತವರ ದನಿಯಾಗಿರಲಿಲ್ಲ ಅದು.

ಇಂಥ ಅಪನಂಬಿಕೆ ತಿಪಟೂರಿನ ಅಟ್ಟದ ಮೇಲೆ ಮಾತ್ರ ಇರುವುದಲ್ಲ. ಅಮೆರಿಕದ ಐದು ಸೆಂಟಿನ ನಾಣ್ಯವೂ ನಮ್ಮ ದಪ್ಪ ಐದರ ಮಿಶ್ರಲೋಹವೇ, ಅದೇ ಮುಕ್ಕಾಲು, ಅದೇ ಕಾಲು. 2006ರ ಡಿಸೆಂಬರಿನಲ್ಲಿ ಅದನ್ನೂ ಒಂದು ಸೆಂಟಿನ ನಾಣ್ಯವನ್ನೂ ಕರಗಿಸಬಾರದೆಂದು ಅಲ್ಲಿ ನಿಯಮ ಬಂತು. ಡಲ್ಲಾಸಿನ ಹೂಡಿಕೆದಾರ ಕೈಲ್ ಬ್ಯಾಸ್ ಅಂಥ 2 ಕೋಟಿ ನಾಣ್ಯ ಕೊಂಡಿಟ್ಟ ಸಂಗತಿ ಪ್ರಸಿದ್ಧ. 10 ಲಕ್ಷ ಡಾಲರ್, 100 ಟನ್ ಲೋಹ. ಅವರದ್ದು ಗೋದಾಮು, ಅಮ್ಮನದ್ದು ಬಾಟಲಿ. ನಾಳೆ ಕಾಗದದ ಮಾತು ಉಳಿಯುತ್ತದೋ ಇಲ್ಲವೋ ಎಂಬ ಸಂಶಯ ಮಾತ್ರ ಇಬ್ಬರದೂ ಒಂದೇ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆ ಇದ್ದಾಳೆ. ಬಾಟಲಿಯೂ ಬಂದಿದೆ. ಹತ್ತನೇ ಕ್ಲಾಸಿನ ಮಗಳು ರಜೆಯಲ್ಲಿ ಎಣಿಸಿದಳು: 340. ಕೆಲವು ನಾಣ್ಯಗಳಲ್ಲಿ ಇಸವಿಯ ಕೆಳಗೆ ಪುಟ್ಟ ನಕ್ಷತ್ರ. ಅದು ಹೈದರಾಬಾದ್ ಟಂಕಸಾಲೆಯ ಗುರುತು. ಇಲ್ಲಿ ಹುಟ್ಟಿ, ತಿಪಟೂರಿಗೆ ಹೋಗಿ, ಅಮ್ಮನ ಜೊತೆ ತವರಿಗೆ ಬಂದಿವೆ.

ಮಗಳಿಗಾಗಿ ಲೆಕ್ಕ ಮಾಡಿ ತೋರಿಸಿದೆ. ತಾಮ್ರ ಕೆಜಿಗೆ 800, ನಿಕ್ಕಲ್ 1,300 ಎಂದಿಟ್ಟುಕೊಂಡರೆ ಒಂದು ನಾಣ್ಯದಲ್ಲಿ 8 ರೂಪಾಯಿ ಚಿಲ್ಲರೆಯ ಲೋಹ. ಒಟ್ಟು ಸುಮಾರು 2,800. ಮುಖಬೆಲೆ 1,700. “ಲಾಭ ಅಲ್ವಾ ಅಪ್ಪಾ?” ಅಂದಳು. ಕರಗಿಸುವುದು ಅಪರಾಧ ಎಂಬುದನ್ನು ಬದಿಗಿಟ್ಟರೂ ಲಾಭವಲ್ಲ. ಅದೇ 1,700 ರೂಪಾಯಿ ಇಪ್ಪತ್ತು ವರ್ಷ ಶೇ. 7ರ ಚಕ್ರಬಡ್ಡಿಯಲ್ಲಿ ಇದ್ದಿದ್ದರೆ 6,500 ದಾಟುತ್ತಿತ್ತು. ಲೋಹಕ್ಕಾಗಿ ನಾಣ್ಯ ಹಿಡಿದಿಡುವವರು ಮರೆಯುವುದು ಇದನ್ನೇ. ಲೋಹ ಮರಿ ಹಾಕುವುದಿಲ್ಲ.

ಅಜ್ಜಿ ಕೇಳಿಸಿಕೊಂಡಳು. “ಬಡ್ಡಿ ಬರ್ತಿತ್ತು, ಸರಿ. ಆ ಮೂರು ವಾರ ಬ್ಯಾಂಕಿನ ಬಾಗಿಲಿಂದ ತೆಗೆಯೋಕೆ ಬರ್ತಿತ್ತಾ?” ಎಂದು ಮೊಮ್ಮಗಳನ್ನೇ ಕೇಳಿದಳು. ಅವಳು ನನ್ನ ಮುಖ ನೋಡಿದಳು.

ಅಪ್ಪನ ಜಗಳಕ್ಕೆ ಈಗ ನೆಲೆಯೇ ಉಳಿದಿಲ್ಲ. ಚಿಲ್ಲರೆಯನ್ನು ಫೋನು ನುಂಗಿದೆ. ಹತ್ತು ರೂಪಾಯಿ ನಾಣ್ಯ ಖೋಟಾ ಎಂಬ ಗಾಳಿಮಾತಿಗೆ ಹೆದರಿ ಅಂಗಡಿಯವರು ನಾಣ್ಯ ಮುಟ್ಟದಿದ್ದಾಗ, ಎಲ್ಲ 14 ನಮೂನೆಗಳೂ ಸಾಚಾ ಎಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಹೇಳಬೇಕಾಯಿತು. ತೆಲಂಗಾಣದ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟೇ ಇಲ್ಲ. ಆಧಾರ್ ತೋರಿಸಿದರೆ ಸೊನ್ನೆ ರೂಪಾಯಿಯ ಚೀಟಿ. ಮೊದಲ ಸಲ ಅಮ್ಮ ಅಭ್ಯಾಸಬಲದಿಂದ ಎರಡು ದಪ್ಪ ನಾಣ್ಯ ಚಾಚಿದ್ದಳು. ಕಂಡಕ್ಟರ್ ನಗುತ್ತಾ ಅವಳ ಮುಷ್ಟಿ ಮಡಚಿದರು. ಮನೆಗೆ ಬಂದವಳು ಸುಮಾರು ಹೊತ್ತು ಸುಮ್ಮನೆ ಕೂತಿದ್ದಳು. ಆಮೇಲೆ ಅಂದಳು: “ನಿಮ್ಮಪ್ಪನಿಗೆ ಒಂದಿನಾನೂ ಹಿಂಗೆ ಬಸ್ಸಲ್ಲಿ ಎದುರಿಗೆ ಹಿಡಿದು ಕೊಟ್ಟಿರಲಿಲ್ಲ ನಾನು.”

ನಮ್ಮ ಬಡಾವಣೆಯ ವಾರದ ಸಂತೆಯಲ್ಲಿ ಸೊಪ್ಪು ಮಾರುವ ಮುದುಕಿಯೊಬ್ಬಳಿದ್ದಾಳೆ. ಫೋನಿಲ್ಲ, ಚಿಲ್ಲರೆಗೆ ಪರದಾಡುತ್ತಾಳೆ. ಅಮ್ಮನಿಗೆ ತೆಲುಗು ಬಾರದು, ಅವಳಿಗೆ ಕನ್ನಡ ಬಾರದು. ಈಗ ಪ್ರತಿ ಸಂತೆಗೂ ಅಮ್ಮ ಬಾಟಲಿಯಿಂದ ನಾಲ್ಕು ನಾಣ್ಯ ಸೆರಗಿಗೆ ಗಂಟು ಹಾಕಿಕೊಂಡು ಹೊರಡುತ್ತಾಳೆ. ಆ ಮುದುಕಿ ಅವನ್ನು ಉಳಿದ ಚಿಲ್ಲರೆಯ ಜೊತೆ ಹಾಕುವುದಿಲ್ಲವಂತೆ. ಅಂಗೈಯಲ್ಲಿ ಒಮ್ಮೆ ತೂಗಿ ನೋಡಿ, ಸೊಂಟದ ಚೀಲದ ಒಳಜೇಬಿಗೆ ಇಳಿಸುತ್ತಾಳಂತೆ.