ಅರ್ಧ ಸದಸ್ಯನ ದ್ವೀಪ

ನಮ್ಮ ಪಂಚಾಯತ್ ಕಾಯಿದೆಯಲ್ಲಿ ಒಂದು ಲೆಕ್ಕವಿದೆ. 5,000ದಿಂದ 7,000 ಜನರಿದ್ದರೆ ಒಂದು ಗ್ರಾಮ ಪಂಚಾಯತ್, ಪ್ರತಿ 400 ಜನಕ್ಕೆ ಒಬ್ಬ ಸದಸ್ಯ. ನಮ್ಮ ಉತ್ತರ ಕನ್ನಡದಂಥ ಗುಡ್ಡಗಾಡು ಸೀಮೆಗೆ ಸ್ವಲ್ಪ ರಿಯಾಯಿತಿ. 2,500 ಜನರಿದ್ದರೂ ನಡೆದೀತು. ಈ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡೇ ಸರ್ಕಾರಿ ನೌಕರಿ ಮುಗಿಸಿದವನು ನಾನು. ಮಗಳ ಮನೆಗೆಂದು ನಾರ್ವೆಗೆ ಹೋದಾಗ, ಅಲ್ಲಿಯ ಪಶ್ಚಿಮ ಕಡಲಿನ ಉತ್ಸೀರ ಎಂಬ ದ್ವೀಪದಲ್ಲಿ ಸುಮಾರು 200 ಜನರಿದ್ದಾರೆ, ಅವರಿಗೆ ತಮ್ಮದೇ ಆದ ಸ್ಥಳೀಯ ಸರ್ಕಾರವಿದೆ ಎಂದು ಅವಳು ಹೇಳಿದಳು. ನಾನು ಮನಸ್ಸಿನಲ್ಲೇ ಭಾಗಿಸಿ ನೋಡಿದೆ. ನಮ್ಮ ಕಾಯಿದೆಯಂತೆ ಆ ಇಡೀ ದ್ವೀಪಕ್ಕೆ ಬರುವುದು ಅರ್ಧ ಸದಸ್ಯ.

"ಅಪ್ಪಾ, ನಿಮಗೆ ಜಲಪಾತ ಬೇಡ, ಇದೇ ಬೇಕು," ಎಂದು ಮಗಳು ನಕ್ಕು ಟಿಕೆಟ್ ತೆಗೆದಳು.

ಹೌಗೆಸುಂಡ್ ಪಟ್ಟಣದಿಂದ ಅಲ್ಲಿಗೆ ದೋಣಿಯಲ್ಲಿ ಒಂದು ತಾಸಿಗೂ ಮಿಕ್ಕಿದ ಪಯಣ. ಕಾರ್ಮೊಯ್ ಎಂಬ ದೊಡ್ಡ ದ್ವೀಪದ ಆಸರೆ ಇರುವವರೆಗೆ ನೀರು ಕೆರೆಯ ಹಾಗೆ. ಅದು ತಪ್ಪಿದ ಮೇಲೆ ಉತ್ತರ ಸಮುದ್ರದ ತೆರೆ. ಕಾರವಾರದ ಕಡಲು ನೋಡಿ ಬೆಳೆದವನಾದರೂ ಕಂಬಿ ಹಿಡಿದುಕೊಂಡೇ ನಿಂತಿದ್ದೆ. ದ್ವೀಪವೇನೂ ದೊಡ್ಡದಲ್ಲ, ಆರು ಚದರ ಕಿಲೋಮೀಟರಿಗೆ ಕೊಂಚ ಹೆಚ್ಚು. ಬೋಳು ಬಂಡೆ, ಕುರುಚಲು ಗಿಡ, ಕಲ್ಲಿನ ಪಾಗಾರ, ಕುರಿ. ಎರಡು ಗುಡ್ಡಗಳ ನಡುವೆ ಒಂದು ಕಣಿವೆ, ಅದರ ಉತ್ತರದ ತುದಿಗೊಂದು ಬಂದರು, ದಕ್ಷಿಣದ ತುದಿಗೊಂದು ಬಂದರು. ಗಾಳಿ ಯಾವ ಕಡೆಯಿಂದ ಎಂದು ನೋಡಿಕೊಂಡು ದೋಣಿ ಯಾವ ಬಂದರಿಗೆ ಹೋಗುವುದೆಂದು ತೀರ್ಮಾನವಾಗುತ್ತದೆ. 200 ಜನಕ್ಕೆ ಎರಡು ಬಂದರು! ನಮ್ಮಲ್ಲಿ ಆಡಿಟ್ ಆಕ್ಷೇಪಣೆ ಬಾರದೆ ಇರುತ್ತಿರಲಿಲ್ಲ.

ಗುಡ್ಡದ ಮೇಲೆ ದೀಪಸ್ತಂಭ. 1844ರಲ್ಲಿ ಕಟ್ಟುವಾಗ ಜೋಡಿ ಗೋಪುರ ಕಟ್ಟಿದರು, ನಾವಿಕರು ಬೇರೆ ದೀಪವೆಂದು ಭ್ರಮಿಸಬಾರದೆಂದು. ಇಂದು ಉರಿಯುವುದು ಒಂದೇ. ಸಮುದ್ರಮಟ್ಟದಿಂದ 78 ಮೀಟರ್ ಎತ್ತರದಲ್ಲಿರುವ ಈ ದೀಪ ಇಡೀ ನಾರ್ವೆಯಲ್ಲಿ ಅತಿ ಎತ್ತರದ್ದು. ಹಿಂದಿನ ಕಾಲದಲ್ಲಿ ಈ ಕರಾವಳಿಯನ್ನು ಸಾಕಿದ್ದು ಹೆರಿಂಗ್ ಮೀನು, ನಮ್ಮ ತಾರ್ಲೆಯ ದೊಡ್ಡಣ್ಣ ಎನ್ನಿ. ಹೌಗೆಸುಂಡ್ ಪಟ್ಟಣವೇ ಈ ಮೀನಿನ ಬೆನ್ನ ಮೇಲೆ ಎದ್ದದ್ದು. ತಾರ್ಲೆಯ ಹಾಗೆಯೇ ಇದರದೂ ಬಂದರೆ ಬಂತು, ಹೋದರೆ ಹೋಯಿತು ಎಂಬ ಸ್ವಭಾವ. 1960ರ ದಶಕದ ಕೊನೆಗೆ, ಯಂತ್ರದ ಬಲೆಗಳ ಹಾವಳಿಯಲ್ಲಿ, ಅದು ಹೆಚ್ಚುಕಡಿಮೆ ಮುಗಿದೇಹೋಗಿತ್ತು.

ನನಗೆ ಬೇಕಾದದ್ದು ಕಚೇರಿಯ ಕತೆ. ನಾರ್ವೆಯಲ್ಲಿ ಸ್ಥಳೀಯ ಆಡಳಿತದ ಕಾನೂನು ಬಂದದ್ದು 1837ರಲ್ಲಿ. ಅವರು ಕೊಮ್ಮೂನೆ ಎನ್ನುವ ಈ ಘಟಕದಲ್ಲಿ ಹಳ್ಳಿ, ಪಟ್ಟಣ, ನಗರ ಎಂಬ ಪಂಕ್ತಿಭೇದವಿಲ್ಲ. ಏಳು ಲಕ್ಷ ಜನರ ಓಸ್ಲೋವೂ ಕೊಮ್ಮೂನೆ, 200 ಜನರ ಉತ್ಸೀರವೂ ಕೊಮ್ಮೂನೆ. ಶಾಲೆ, ವೈದ್ಯರು, ಮುದುಕರ ಆರೈಕೆ, ನೀರು, ಮನೆ ಕಟ್ಟುವ ಪರವಾನಗಿ ಎಲ್ಲ ಹೊಣೆಯೂ ಇಬ್ಬರಿಗೂ ಒಂದೇ. ಎಷ್ಟೇ ಚಿಕ್ಕ ಊರಾದರೂ ಸಭೆಯಲ್ಲಿ ಕನಿಷ್ಠ 11 ಸದಸ್ಯರಿರಬೇಕು. ಅರ್ಧ ಸದಸ್ಯನ ಜಾಗದಲ್ಲಿ ಹನ್ನೊಂದು! ಮಕ್ಕಳನ್ನು ಬಿಟ್ಟು ಲೆಕ್ಕ ಹಾಕಿದರೆ ಸುಮಾರು ಹದಿನೈದು ಜನಕ್ಕೊಬ್ಬ ಸದಸ್ಯ ಸಿಗುತ್ತಾನೆ. ಅದರ ಕಷ್ಟವೂ ಇಲ್ಲದಿಲ್ಲ. ತನ್ನ ಅಣ್ಣತಮ್ಮಂದಿರ, ಮಕ್ಕಳ ವಿಷಯ ಬಂದಾಗ ಸದಸ್ಯ ಸಭೆಯಿಂದ ಎದ್ದು ಹೋಗಬೇಕೆಂದು ಕಾನೂನು. ಎಲ್ಲರೂ ಎಲ್ಲರಿಗೂ ನೆಂಟರಾದ ಊರಿನಲ್ಲಿ ಕೊನೆಗೆ ಕುರ್ಚಿಯಲ್ಲಿ ಉಳಿಯುವವರು ಯಾರು ಎಂಬ ಸಂಶಯ ನನ್ನ ಗುಮಾಸ್ತ ಬುದ್ಧಿಗೆ ಹೊಳೆಯದೆ ಇರಲಿಲ್ಲ.

ಉತ್ಸೀರ ಮೊದಲು ಎದುರುಗಡೆಯ ತೊರ್ವಾಸ್ತಾದ್ ಕೊಮ್ಮೂನೆಯ ಒಂದು ಮೂಲೆಯಾಗಿತ್ತು. 1924ರಲ್ಲಿ ಬೇರೆಯಾಯಿತು. ಮರುವರ್ಷವೇ ಚುನಾವಣೆ. ಆಗ ಕೆಲವು ಗಂಡಸರು ಹೆಂಗಸರ ಹೆಸರುಗಳದೇ ಒಂದು ಪಟ್ಟಿ ಮಾಡಿದರು. ಅದು ಶುರುವಾದದ್ದೇ ತಮಾಷೆಗೆ ಎಂದು ಹೇಳುತ್ತಾರೆ. ನಾರ್ವೆಯ ಎಲ್ಲ ಹೆಂಗಸರಿಗೂ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕುವ ಹಕ್ಕು 1910ರಿಂದಲೇ ಇತ್ತು. ತಮಾಷೆಯ ಪಟ್ಟಿಗೆ ನಿಜವಾದ ಮತಗಳು ಬಿದ್ದವು. 12 ಸ್ಥಾನಗಳಲ್ಲಿ 11 ಹೆಂಗಸರಿಗೆ, ಒಂದು ಮಾತ್ರ ಗಂಡಸಿಗೆ. ಊರಿನ ಸೂಲಗಿತ್ತಿ ಓಸಾ ಹೆಲ್ಗೆಸೆನ್ ಅಧ್ಯಕ್ಷೆಯಾದರು. ಇಡೀ ನಾರ್ವೆಗೇ ಮೊದಲ ಮಹಿಳಾ ಮೇಯರ್. 1926ರಿಂದ 1928ರ ತನಕ ಅವರು ಆಡಳಿತ ನಡೆಸಿದರು.

ಸೂಲಗಿತ್ತಿ ಎಂಬ ಮಾತಿಗೆ ನನ್ನ ಮನಸ್ಸು ಅಂಟಿಕೊಂಡಿತು. ಗಂಡಸರೆಲ್ಲ ಕಡಲಿಗೆ ಹೋಗಿರುವ ದ್ವೀಪದಲ್ಲಿ ಯಾವ ಮನೆಯಲ್ಲಿ ಹಿಟ್ಟಿಲ್ಲ, ಯಾವ ಮನೆಯ ಮಾಡು ಸೋರುತ್ತದೆ, ಯಾರಿಗೆ ಕೆಮ್ಮು ಹತ್ತಿದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರು? 1987ರಲ್ಲಿ ನಮ್ಮಲ್ಲಿ ಮಂಡಲ ಪಂಚಾಯತಿಗಳಿಗೆ ಚುನಾವಣೆಯಾದಾಗ ನಾಲ್ಕರಲ್ಲೊಂದು ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ಆಮೇಲೆ ಮೂರರಲ್ಲೊಂದಾಯಿತು, 2010ರ ತಿದ್ದುಪಡಿಯಿಂದ ಅರ್ಧವಾಯಿತು. ಆ ಮೊದಲ ಸಭೆಗಳಲ್ಲಿ ನಾನು ನಡಾವಳಿ ಬರೆಯುತ್ತಿದ್ದೆ. ಸದಸ್ಯೆಯ ಗಂಡ ಒಳಗೆ ಕುಳಿತಿರುತ್ತಿದ್ದ, ಆಕೆ ಜಗಲಿಯಲ್ಲಿ. ಎರಡು ವರ್ಷ ಕಳೆಯುವುದರೊಳಗೆ ಅವರಲ್ಲಿ ಒಬ್ಬಾಕೆ ತಾನೇ ಒಳಗೆ ಬಂದು ಕುಳಿತು, ಕುಡಿಯುವ ನೀರಿನ ಬಾವಿಯ ಲೆಕ್ಕ ಕೇಳಿದ್ದೂ ನನ್ನ ಕೈಯಲ್ಲೇ ದಾಖಲಾಗಿದೆ. ಆಕೆಯೂ ಬಾಣಂತನ ಮಾಡಿಸುವವಳೇ.

ಉತ್ಸೀರ ಇಷ್ಟು ಚಿಕ್ಕದಾಗಿ ಉಳಿದದ್ದು ಹೇಗೆ? 1960ರ ದಶಕದಲ್ಲಿ ನಾರ್ವೆಯವರು ಕೊಮ್ಮೂನೆಗಳನ್ನು ಒಟ್ಟುಗೂಡಿಸಿ 744 ಇದ್ದದ್ದನ್ನು 454ಕ್ಕೆ ಇಳಿಸಿದರು. 1965ರಲ್ಲಿ ತೊರ್ವಾಸ್ತಾದ್ ಕೂಡ ಕಾರ್ಮೊಯ್‌ನಲ್ಲಿ ಲೀನವಾಯಿತು. ತಾಯಿ ಹೋಯಿತು, ಮನೆ ಬಿಟ್ಟುಹೋದ ಮಗು ಉಳಿಯಿತು. 2014ರ ನಂತರ ಮತ್ತೊಂದು ಸುತ್ತು. 2020ರ ಹೊತ್ತಿಗೆ 428 ಇದ್ದದ್ದು 356 ಆಯಿತು. ಆಗಲೂ ಉತ್ಸೀರ ಹಾಗೇ ಉಳಿಯಿತು. ಮೊತ್ತೊಂದು ಮಾತೆಂದರೆ, ಜೋರುಮಾಡಿ ಜೋಡಿಸಿದ ಕೆಲವು ಕಡೆ ಜನ ಜಗಳಾಡಿ ಮತ್ತೆ ಬೇರೆಯಾದರು.

ಒಗ್ಗೂಡಿಸುವುದರ ಪರವಾದ ವಾದ ನನಗೆ ಗೊತ್ತಿಲ್ಲದ್ದೇನೂ ಅಲ್ಲ. 200 ಜನಕ್ಕೊಂದು ಕಚೇರಿ ಎಂದರೆ ತಲಾ ಖರ್ಚು ಹೆಚ್ಚು. ಚಿಕ್ಕ ಕೊಮ್ಮೂನೆಗಳಿಗೆಂದೇ ಸರ್ಕಾರ ಹೆಚ್ಚಿನ ಅನುದಾನ ಕೊಡಬೇಕು. ಎಲ್ಲ ಬಗೆಯ ತಜ್ಞರನ್ನು ಇಟ್ಟುಕೊಳ್ಳಲಾಗದೆ ಪಕ್ಕದ ಕೊಮ್ಮೂನೆಗಳ ಜೊತೆ ಸೇರಿ ಕೆಲಸ ತೆಗೆಯಬೇಕು. ಆದರೆ ನನ್ನ ಹುಟ್ಟೂರಿನ ಕತೆ ಇದೆಯಲ್ಲ. ಹೊಳೆಯಾಚೆಯ ಚಿಕ್ಕ ಊರು ಅದು, ಹಳೆಯ ಕಾಯಿದೆಯಲ್ಲಿ ಅದಕ್ಕೊಂದು ಪಂಚಾಯತ್ ಇತ್ತು, ಹೆಂಚಿನ ಮಾಡಿನ ಒಂದು ಕೋಣೆ. ಮಂಡಲವಾದಾಗ ಕಚೇರಿ ಹದಿನಾಲ್ಕು ಕಿಲೋಮೀಟರ್ ಆಚೆ ಹೋಯಿತು. ನನ್ನ ಚಿಕ್ಕಮ್ಮನಿಗೆ ವಿಧವಾ ವೇತನ ಬರುತ್ತಿತ್ತು. ತಾನು ಬದುಕಿದ್ದೇನೆ ಎಂದು ತೋರಿಸಲು ಆಕೆ ಮಳೆಗಾಲದಲ್ಲಿ ಸಂಕ ದಾಟಿ, ಬಸ್ಸು ಹಿಡಿದು ಹೋಗಬೇಕಾಯಿತು. ಹೋದರೆ "ಇವತ್ತು ಕಾರ್ಯದರ್ಶಿ ಮೀಟಿಂಗಿಗೆ ಹೋಗಿದ್ದಾರೆ, ನಾಳೆ ಬಾರಮ್ಮ." ಮೊದಲಿನ ಕೋಣೆಯಲ್ಲಾಗಿದ್ದರೆ ಆಕೆ ಬದುಕಿದ್ದಾಳೆಂದು ತೋರಿಸುವ ಅಗತ್ಯವೇ ಬೀಳುತ್ತಿರಲಿಲ್ಲ, ದಿನಾ ಬೆಳಿಗ್ಗೆ ಹಾಲು ಕೊಡಲು ಆ ಜಗಲಿಯ ಮುಂದೆಯೇ ಹೋಗುತ್ತಿದ್ದಳು. ಈ ಖರ್ಚನ್ನು ಯಾವ ಶೀರ್ಷಿಕೆಯಲ್ಲಿ ಬರೆಯಬೇಕೆಂದು ಯಾವ ಸುತ್ತೋಲೆಯಲ್ಲೂ ಇಲ್ಲ.

ಈ ಪುಟ್ಟ ದ್ವೀಪದ ಹೆಸರು ಮಾತ್ರ ದೊಡ್ಡ ದೊಡ್ಡ ಸಂಗತಿಗಳಿಗೆ ಅಂಟಿಕೊಂಡಿದೆ. 1984ರಿಂದ ಬಿಬಿಸಿಯ ನಾವಿಕರ ಹವಾ ವರ್ತಮಾನದಲ್ಲಿ ಉತ್ತರ ಉತ್ಸೀರ, ದಕ್ಷಿಣ ಉತ್ಸೀರ ಎಂಬ ಎರಡು ಕಡಲ ವಲಯಗಳಿವೆ. 1996ರಿಂದ ಸಮುದ್ರದಡಿಯ ಉತ್ಸೀರ ಎಂಬ ಮರಳುಗಲ್ಲಿನ ಪದರಕ್ಕೆ ಇಂಗಾಲದ ಡೈಆಕ್ಸೈಡನ್ನು ತುಂಬುತ್ತಿದ್ದಾರೆ. 2019ರಲ್ಲಿ ಎಣ್ಣೆ ಕೊಡತೊಡಗಿದ ಯೋಹಾನ್ ಸ್ವೆರ್ದ್ರುಪ್ ಎಂಬ ಭಾರೀ ನಿಕ್ಷೇಪವಿರುವುದೂ ಕಡಲಡಿಯ ಉತ್ಸೀರ ದಿಬ್ಬದಲ್ಲೇ. ಎಣ್ಣೆಯ ತೆರಿಗೆ ಹೋಗುವುದು ಓಸ್ಲೋದ ಖಜಾನೆಗೆ, ದ್ವೀಪಕ್ಕೆ ಹೆಸರು. ದ್ವೀಪದ ಮೇಲೇ ನಡೆದ ಪ್ರಯೋಗವೆಂದರೆ 2004ರಿಂದ 2008ರವರೆಗೆ, ಗಾಳಿಯಂತ್ರದ ಮಿಕ್ಕ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ಕೂಡಿಟ್ಟು, ಗಾಳಿ ನಿಂತಾಗ ಹತ್ತು ಮನೆಗಳಿಗೆ ದೀಪ ಹಚ್ಚಿದ್ದು. ಕೆಲಸವೇನೋ ಆಯಿತು, ದುಬಾರಿಯಾಗಿ ನಿಂತಿತು.

ದ್ವೀಪದ ನಿಜವಾದ ಚಿಂತೆ ಎಣ್ಣೆಯೂ ಅಲ್ಲ, ಗಾಳಿಯೂ ಅಲ್ಲ. ಶಾಲೆ ಹತ್ತನೆಯ ತರಗತಿಯವರೆಗೆ. ಅಲ್ಲಿಗೆ ಮಕ್ಕಳಿಗೆ ಹದಿನಾರು ತುಂಬುತ್ತದೆ, ಮುಂದಿನ ಓದಿಗೆ ದೋಣಿ ಹತ್ತಬೇಕು. ಹೌಗೆಸುಂಡಿನಲ್ಲಿ ಕೋಣೆ ಹಿಡಿದು, ಅಲ್ಲಿಂದ ಬೆರ್ಗೆನ್ನಿಗೋ ಓಸ್ಲೋಗೋ ಹೋದವರಲ್ಲಿ ಎಷ್ಟು ಮಂದಿ ಹಿಂದಿರುಗುತ್ತಾರೆ ಎಂಬುದರ ಮೇಲೆ ಹನ್ನೊಂದು ಕುರ್ಚಿಗಳ ಭವಿಷ್ಯ ನಿಂತಿದೆ. ಗಂಡ, ಹೆಂಡತಿ, ಮೂರು ಮಕ್ಕಳ ಒಂದು ಕುಟುಂಬ ಬಂದು ನೆಲೆಸಿದರೆ ಕೊಮ್ಮೂನೆಯ ಜನಸಂಖ್ಯೆ ಒಂದೇ ದಿನದಲ್ಲಿ ನೂರಕ್ಕೆ ಎರಡೂವರೆ ಏರುತ್ತದೆ, ಹೋದರೆ ಅಷ್ಟೇ ಇಳಿಯುತ್ತದೆ. ನಾವು ಮರಳುವ ದೋಣಿಯಲ್ಲಿ ಒಬ್ಬಳು ಹುಡುಗಿ ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡು ನಿಂತಿದ್ದಳು. ದಡದಲ್ಲಿ ಅವಳ ತಾಯಿ ಇದ್ದಿರಬೇಕು, ಕೈ ಬೀಸಲಿಲ್ಲ, ಏನೋ ಕೂಗಿ ಹೇಳಿದಳು. ಏನೆಂದು ಮಗಳನ್ನು ಕೇಳಿದೆ.

"ಶುಕ್ರವಾರ ಗಾಳಿ ಜೋರಿದ್ದರೆ ದಕ್ಷಿಣದ ಬಂದರಿಗೆ ಬರ್ತೇನೆ ಅಂದಳು."